ಚಿಕ್ಗು ಮತ್ತು ಕೊಂಪಾಂಗ್

ನಮ್ಮ ಮೇಷ್ಟ್ರು ಚಿಕ್ಗು ತೀರಿಕೊಂಡ ಸುದ್ದಿ ಹೋದ ತಿಂಗಳು ಬಂತು. ನೆನಪುಗಳನ್ನು ಅವರವರ ಮಾತೃಭಾಷೆಯಲ್ಲೇ ಬರೆಯಿರಿ ಎಂದು ಶಾಲೆಯ ಸಂಚಿಕೆಯವರು ಹೇಳಿದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಪ್ಪನ ಕೆಲಸದಿಂದಾಗಿ ನಾವು ಮಲೇಷ್ಯಾದ ಜೊಹೊರ್ ಸೇರಿದಾಗ ನನಗೆ 13 ವರ್ಷ. ಮಲಯದಲ್ಲಿ ಮೇಷ್ಟ್ರಿಗೆ ಚಿಕ್ಗು ಅನ್ನುತ್ತಾರೆ. ಅವರು ಮಾಡಿದ ಭೂಗೋಳದ ಪಾಠ ಒಂದಕ್ಷರ ನೆನಪಿಲ್ಲ. ಸಂಜೆ ಕಲಿಸಿದ ಕೊಂಪಾಂಗ್ ಮಾತ್ರ ಇನ್ನೂ ಕೈಯಲ್ಲಿದೆ.

ಮರದ ಬಳೆಗೆ ಒಂದೇ ಮಗ್ಗುಲಲ್ಲಿ ಆಡಿನ ಚರ್ಮ ಬಿಗಿದರೆ ಅದೇ ಕೊಂಪಾಂಗ್. ಕೋಲು ಬೇಡ, ಅಂಗೈ ಸಾಕು. ಬೆರಳು ಕೂಡಿಸಿ ಅಂಚಿಗೆ ಹೊಡೆದರೆ ‘ಬುಮ್’, ಬಿಡಿಸಿ ನಡುವಿಗೆ ಹೊಡೆದರೆ ‘ಪಾಕ್’. ನಮ್ಮನ್ನು ಮೂರು ಗುಂಪು ಮಾಡಿ ಮೂರು ಬಗೆಯ ಪೆಟ್ಟು ಹೇಳಿಕೊಡುತ್ತಿದ್ದರು. ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬನ ಪೆಟ್ಟು ಬೀಳಬೇಕು. ಮೂರೂ ಹೆಣೆದುಕೊಂಡರೆ ಮದುಮಗನ ಮೆರವಣಿಗೆ ಬೀದಿಗೆ ಬಂದಂತೆಯೇ. ನಡುನಡುವೆ ನುಸುಳುವ ಕಷ್ಟದ ಪೆಟ್ಟನ್ನು ನನಗೇ ವಹಿಸಿದ್ದರು. ಆ ಹೆಮ್ಮೆ ಇಂದಿಗೂ ಇದೆ.

ರಾತ್ರಿ ಅವರು ಗಝಲ್ ತಂಡದಲ್ಲಿ ಗಂಬುಸ್ ಎಂಬ ತಂತಿವಾದ್ಯ ಮೀಟುತ್ತಿದ್ದರು. ಜೊಹೊರ್‌ನ ಮಲಯ ಗಝಲ್‌ಗೆ ಹಾರ್ಮೋನಿಯಂ, ತಬಲಾ ಬೇಕೇ ಬೇಕು. ಮೊದಲ ಸಲ ಕೇಳಿದಾಗ ಊರಿನ ಭಜನೆ ಮನೆ ನೆನಪಾಗಿ ಕಣ್ಣು ತುಂಬಿತ್ತು. ನೊಬಾತ್ ಬಗ್ಗೆ ಹೇಳಿದ್ದೂ ಅವರೇ. ಕೆಡಾ, ಪೆರಾಕ್, ಸೆಲಾಂಗೊರ್, ತೆರೆಂಗಾನು ಅರಮನೆಗಳಲ್ಲಿ ಸುಲ್ತಾನರ ಪಟ್ಟಾಭಿಷೇಕಕ್ಕೆ ನುಡಿಸುವ ವಾದ್ಯಮೇಳ ಅದು. ಹೆಸರು ನಮ್ಮ ನೌಬತ್ತಿನ ಬಳಗದ್ದೇ.

ಒಂದು ಸಂಜೆ ನಾವು ಮೂವರು ಸೇರಿ ಹನ್ನೆರಡು ಕೊಂಪಾಂಗ್‌ಗಳ ಸೆದಾಕ್ ಕಿತ್ತು ಕತ್ತಿವರಸೆ ಆಡಿದೆವು. ಚರ್ಮಕ್ಕೂ ಮರಕ್ಕೂ ನಡುವೆ ಒಳಗಿನಿಂದ ತುರುಕಿ ಬಿಗಿ ಮಾಡುವ ಬೆತ್ತವೇ ಸೆದಾಕ್. ಮರುದಿನ ಅತಿಥಿಗಳ ಮುಂದೆ ‘ಪಾಕ್’ ಬರಲೇ ಇಲ್ಲ, ಒದ್ದೆ ರಟ್ಟು ಬಡಿದಂತಾಯಿತು. ಚಿಕ್ಗು ಬೈಯಲಿಲ್ಲ. ಶಾಲೆ ಬಿಟ್ಟ ಮೇಲೆ ನಮ್ಮನ್ನು ಕೂರಿಸಿಕೊಂಡು, ಬೆತ್ತವನ್ನು ಗೇಣು ಗೇಣಾಗಿ ಹೆಬ್ಬೆರಳಿಂದ ಒತ್ತಿ ಕೂರಿಸುವುದನ್ನು ತೋರಿಸಿದರು. ಒಂದೊಂದನ್ನೂ ಕಿವಿಗೆ ಹಿಡಿದು ತಟ್ಟಿ, ತಲೆಯಾಡಿಸಿ ಪಕ್ಕಕ್ಕಿಟ್ಟರು. ಹನ್ನೆರಡು ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು, ನನ್ನ ಹೆಬ್ಬೆರಳಲ್ಲಿ ಬೊಕ್ಕೆ ಎದ್ದಿತ್ತು.

ಈಗ ನನ್ನ ಮಕ್ಕಳ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಸ್ಪೀಕರ್‌ನಲ್ಲಿ ತಾಳ ಹಾಕುತ್ತಾರೆ. ಮಕ್ಕಳು ಒಬ್ಬರಿಗೊಬ್ಬರು ಕಿವಿಗೊಡುವುದನ್ನು ಎಲ್ಲಿ ಕಲಿಯಬೇಕು? ನನಗೆ ಇದು ನಿಜವಾದ ಸಂಕಟ.

ಊರಿಗೆ ಹೊರಟಾಗ ಚಿಕ್ಗು ಕೊಟ್ಟ ಕೊಂಪಾಂಗ್ ಮೈಸೂರಿನ ನಮ್ಮ ಮನೆಯ ಗೋಡೆಯ ಮೇಲಿದೆ. ಮಳೆಗಾಲಕ್ಕೆ ಚರ್ಮ ಸಡಿಲಾಗುತ್ತದೆ. ನಿನ್ನೆ ಇಳಿಸಿ ಸೆದಾಕ್ ತುರುಕಿ, ಕಿವಿಗೆ ಹಿಡಿದು ತಟ್ಟಿದೆ.