ಮಹಾಡ್‌ಗೆ ಹೊರಟವರಿಗೆ ಒಂದಿಷ್ಟು ಮಾತು

ಅಂಬೇಡ್ಕರ್ ಮುಂದಾಳತ್ವದಲ್ಲಿ ಅಸ್ಪೃಶ್ಯರು ಮಹಾಡ್ ಊರಿನ ಕೆರೆಗಿಳಿದು ನೀರು ಕುಡಿದ ಚವದಾರ್ ಕೆರೆ ಸತ್ಯಾಗ್ರಹಕ್ಕೆ 2027ರ ಮಾರ್ಚ್ 20ಕ್ಕೆ ನೂರು ವರ್ಷ ತುಂಬುತ್ತದೆ. ನಮ್ಮ ಕಡೆಯಿಂದ ಈಗಲೇ ಹಲವರು ಹೊರಡುವ ಮಾತಾಡುತ್ತಿದ್ದಾರೆ. ಹೇಗೆ ಹೋಗೋದು, ಎಲ್ಲಿ ಉಳಿಯೋದು, ಅಲ್ಲಿ ನೋಡೋದಕ್ಕೆ ಏನಿದೆ ಅಂತ ಕೇಳುವವರು ಹೆಚ್ಚಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಮಾರ್ಚ್ 20ರ ಜನಸಾಗರದಲ್ಲೂ ಅಲ್ಲಿದ್ದೆ, ಕೆರೆ ದಂಡೆಯಲ್ಲಿ ನಾಲ್ಕು ಜನರೂ ಇಲ್ಲದ ಜನವರಿಯಲ್ಲೂ ಹೋಗಿದ್ದೇನೆ. ನನ್ನ ಮಟ್ಟಿಗೆ, ಜನರನ್ನು ನೋಡಬೇಕಿದ್ದರೆ ಮಾರ್ಚ್, ಊರನ್ನು ನೋಡಬೇಕಿದ್ದರೆ ಡಿಸೆಂಬರ್‌–ಜನವರಿ. ಒಂದೇ ಸಲ ಹೋಗಲು ಸಾಧ್ಯವಿರುವವರು ಮಾರ್ಚ್ ಆರಿಸಿಕೊಳ್ಳಿ, ತೊಂದರೆ ಎಷ್ಟೇ ಇರಲಿ.

ಮಹಾಡ್ ಇರುವುದು ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ, ಸಾವಿತ್ರಿ ನದಿಯ ದಂಡೆಯ ಮೇಲೆ. ಮುಂಬೈಯಿಂದ ಸುಮಾರು 170 ಕಿ.ಮೀ. ಮಂಗಳೂರು, ಉಡುಪಿ, ಕಾರವಾರದವರಿಗೆ ದಾರಿ ಸಲೀಸು. ನಿಮ್ಮೂರಿನ ಮೇಲೆ ಹಾದುಹೋಗುವ ಹೆದ್ದಾರಿ 66ನ್ನೇ ಹಿಡಿದು ಉತ್ತರಕ್ಕೆ ಹೋಗುತ್ತಿದ್ದರೆ ಮಹಾಡ್ ಸಿಗುತ್ತದೆ. ಕೊಂಕಣ ರೈಲಿನಲ್ಲಿ ಹತ್ತಿರದ ನಿಲ್ದಾಣ ವೀರ್. ಆದರೆ ಹೆಚ್ಚಿನ ಎಕ್ಸ್‌ಪ್ರೆಸ್ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ದಕ್ಷಿಣಕ್ಕೆ ಖೇಡ್, ಉತ್ತರಕ್ಕೆ ಮಾಣಗಾಂವ್, ಈ ಎರಡರಲ್ಲಿ ನಿಮ್ಮ ಗಾಡಿ ಎಲ್ಲಿ ನಿಲ್ಲುತ್ತದೆಯೋ ನೋಡಿ ಇಳಿದು ಎಸ್‌ಟಿ (ಮಹಾರಾಷ್ಟ್ರದ ಸರಕಾರಿ ಸಾರಿಗೆ) ಬಸ್ ಹಿಡಿಯಿರಿ. ಮಾಣಗಾಂವ್ ಹೆಸರಿನ ಊರು ಎರಡಿವೆ, ಎಚ್ಚರ. ಕೊಲ್ಹಾಪುರ ಜಿಲ್ಲೆಯಲ್ಲೂ ಒಂದಿದೆ, ಅಂಬೇಡ್ಕರ್ ಅವರ ಚರಿತ್ರೆಯಲ್ಲಿ ಅದಕ್ಕೂ ದೊಡ್ಡ ಜಾಗವಿದೆ, ಮೊಬೈಲಿನ ನಕ್ಷೆ ನಿಮ್ಮನ್ನು ನೇರ ಅಲ್ಲಿಗೇ ಕರೆದೊಯ್ದೀತು.

ಬೆಂಗಳೂರು, ಹುಬ್ಬಳ್ಳಿ ಕಡೆಯವರು ಪುಣೆವರೆಗೆ ರೈಲಿನಲ್ಲಿ ಹೋಗಿ ಸ್ವಾರ್‌ಗೇಟ್ ನಿಲ್ದಾಣದಿಂದ ಎಸ್‌ಟಿ ಹತ್ತುವುದು ಒಳ್ಳೆಯದು. ಸ್ವಂತ ಗಾಡಿಯಾದರೆ ಸಾತಾರಾದಿಂದ ಮಹಾಬಳೇಶ್ವರ ಹತ್ತಿ, ಅಂಬೇನಳಿ ಘಾಟಿಯಲ್ಲಿ ಪೋಲಾದಪುರಕ್ಕೆ ಇಳಿದು ಮಹಾಡ್ ಸೇರಬಹುದು. ನೋಡಲು ಚೆಂದದ ದಾರಿ, ಆದರೆ ತಿರುವುಗಳ ಮೇಲೆ ತಿರುವು. ವಾಂತಿ ಬರುವವರು ಮಹಾಬಳೇಶ್ವರದಲ್ಲಿ ಹೊಟ್ಟೆ ತುಂಬ ತಿನ್ನಬೇಡಿ, ಕತ್ತಲಾದ ಮೇಲೆ ಇಳಿಯಲೂಬೇಡಿ. ಮಳೆಗಾಲದಲ್ಲಂತೂ ಈ ಊರಿನ ಯೋಚನೆಯೇ ಬೇಡ. 2016ರ ಆಗಸ್ಟ್‌ನಲ್ಲಿ ಸಾವಿತ್ರಿಯ ಹಳೆಯ ಸೇತುವೆ ಕೊಚ್ಚಿಹೋದಾಗ ಬಸ್ಸುಗಳೇ ನದಿಪಾಲಾದವು. 2021ರ ಜುಲೈಯಲ್ಲಿ ಊರಿಗೆ ಊರೇ ನೆರೆಯಲ್ಲಿ ಮುಳುಗಿತ್ತು.

ಈಗ ದಿನಾಂಕದ ವಿಚಾರ. 2027ರ ಮಾರ್ಚ್ 20 ಶನಿವಾರ ಬರುತ್ತದೆ. ಅದರ ಬೆನ್ನಿಗೇ ಹೋಳಿ. ಕೊಂಕಣದವರು ಶಿಮ್ಗಾ ಎಂದು ಕರೆಯುವ ಈ ಹೋಳಿ ಅವರಿಗೆ ಗಣೇಶ ಚೌತಿಯಷ್ಟೇ ದೊಡ್ಡ ಹಬ್ಬ, ಮುಂಬೈಯಲ್ಲಿ ದುಡಿಯುವವರೆಲ್ಲ ಊರಿಗೆ ಬರುತ್ತಾರೆ. ಶತಮಾನೋತ್ಸವದ ಜನ, ಹಬ್ಬದ ಜನ, ವಾರದ ಕೊನೆಯ ರಜೆ, ಮೂರೂ ಒಟ್ಟಿಗೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ತೆರೆದ ದಿನವೇ ಮಾಡಿಬಿಡಿ. ಲಾಡ್ಜು ಮಹಾಡ್‌ನಲ್ಲಿ ಸಿಗದಿದ್ದರೆ ಪೋಲಾದಪುರ, ಮಾಣಗಾಂವ್, ಖೇಡ್‌ನಲ್ಲಿ ಕೇಳಿ. ಲಾರಿ, ಟೆಂಪೊಗಳಲ್ಲಿ ಬರುವ ಸಾವಿರಾರು ಜನ ಚಪ್ಪರಗಳಲ್ಲೇ ಮಲಗುತ್ತಾರೆ. ಅದಕ್ಕೆ ಸಿದ್ಧರಿದ್ದರೆ ಒಂದು ಚಾದರ ಸಾಕು, ಖರ್ಚೂ ಇಲ್ಲ. ಹೆಂಗಸರಿಗೆ, ವಯಸ್ಸಾದವರಿಗೆ ನಾನು ಹಾಗೆ ಹೇಳಲಾರೆ. ಅಷ್ಟು ಜನರಿಗೆ ಸಾಲುವಷ್ಟು ಶೌಚಾಲಯ ಆ ಸಣ್ಣ ಊರಿನಲ್ಲಿ ಇರುವುದಿಲ್ಲ, ಹತ್ತು ಜನ ಸೇರಿ ಒಂದೇ ಒಂದು ರೂಮಾದರೂ ಹಿಡಿದಿರಿ. ಊರೊಳಗೆ ಗಾಡಿ ಬಿಡುವುದಿಲ್ಲ ಎಂದೇ ಎಣಿಸಿ ಚಪ್ಪಲಿ ಗಟ್ಟಿಯಾದದ್ದು ಹಾಕಿಕೊಳ್ಳಿ. ಬಿಸಿಲಿಗಿಂತ ಸೆಕೆ ಜೋರು.

ಇನ್ನು ಊರು. ಕೆರೆ ನೋಡಿ ಕೆಲವರು ‘ಇಷ್ಟೇನಾ?’ ಅಂದದ್ದನ್ನು ಕಿವಿಯಾರೆ ಕೇಳಿದ್ದೇನೆ. ಸುತ್ತ ಮನೆಗಳು, ಕಟ್ಟೆ, ಮೆಟ್ಟಿಲು, ನೀರಿನ ನಡುವೆ ಬಾಬಾಸಾಹೇಬರ ಪ್ರತಿಮೆ. ಬಸ್ಸಿಳಿದು ನೇರ ಇಲ್ಲಿಗೇ ಬಂದು, ಫೋಟೊ ಹೊಡೆದುಕೊಂಡು, ರಾಯಗಡ ಕೋಟೆಗೆ ಓಡುವವರಿಗೆ ಇದು ಇಷ್ಟೇ. ಅದಕ್ಕೇ ಕೆರೆಯನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. 1927ರಲ್ಲಿ ಮಹಾಡ್‌ನಲ್ಲಿ ನಡೆದದ್ದು ಒಂದಲ್ಲ, ಎರಡು ಸಮ್ಮೇಳನ. ನಮ್ಮ ಭಾಷಣಗಳಲ್ಲಿ ಎರಡನ್ನೂ ಸೇರಿಸಿ ಒಂದೇ ದಿನಕ್ಕೆ ತಂದುಬಿಡುತ್ತೇವೆ. ಮೊದಲನೆಯದು ಮಾರ್ಚ್ 19 ಮತ್ತು 20ರಂದು. ಅದರ ಹಿಂದೆ ಸರಕಾರದ ಠರಾವು ಇತ್ತು. ಸರಕಾರಿ ಹಣದಲ್ಲಿ ನಡೆಯುವ ಕೆರೆ, ಬಾವಿ, ಛತ್ರಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಎಸ್.ಕೆ. ಬೋಲೆ ಅವರ ಠರಾವನ್ನು ಮುಂಬೈ ಶಾಸನ ಪರಿಷತ್ತು 1923ರಲ್ಲೇ ಒಪ್ಪಿತ್ತು. ಮರುವರ್ಷ ಮಹಾಡ್ ಪುರಸಭೆಯೂ ತನ್ನ ಕೆರೆ ಎಲ್ಲರಿಗೂ ಮುಕ್ತ ಎಂದು ಬರೆದುಕೊಂಡಿತು. ಬರೆದದ್ದು ಕಾಗದದ ಮೇಲೆಯೇ ಉಳಿಯಿತು. ಎಷ್ಟರಮಟ್ಟಿಗೆ ಅಂದರೆ, ಸಮ್ಮೇಳನಕ್ಕೆ ಬಂದವರ ಕುಡಿಯುವ ನೀರನ್ನು 40 ರೂಪಾಯಿ ಕೊಟ್ಟು ಸವರ್ಣೀಯರಿಂದ ಕೊಳ್ಳಬೇಕಾಯಿತು. ಎರಡನೆಯ ದಿನ, 35 ವರ್ಷದ ಅಂಬೇಡ್ಕರ್ ಮುಂದೆ, ಹಿಂದೆ ಸಾವಿರಾರು ಜನ, ಪೇಟೆಯ ನಡುವೆ ನಡೆದುಹೋಗಿ ಕೆರೆಗಿಳಿದು ನೀರು ಕುಡಿದರು. ವೀರೇಶ್ವರ ಗುಡಿಗೂ ನುಗ್ಗುತ್ತಾರಂತೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದೇ ತಡ, ಚಪ್ಪರದಲ್ಲಿ ಊಟಕ್ಕೆ ಕುಳಿತವರ ಮೇಲೆ ದೊಣ್ಣೆಗಳು ಬಿದ್ದವು. ಕೆಲವರಿಗೆ ಮುಸ್ಲಿಮರ ಮನೆಗಳಲ್ಲಿ ಆಸರೆ ಸಿಕ್ಕಿತು. ತಿರುಗಿ ಕೈಯೆತ್ತಬೇಡಿ ಎಂದು ಅಂಬೇಡ್ಕರ್ ತಮ್ಮವರನ್ನು ತಡೆದರು. ಆಮೇಲೆ ಊರ ಸನಾತನಿಗಳು 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿಕೊಂಡರು.

ಎರಡನೆಯದು ಅದೇ ವರ್ಷದ ಡಿಸೆಂಬರ್‌ನದು. ಊರು ನೋಡುವುದನ್ನು ದಾಸಗಾಂವ್‌ನಿಂದ ಶುರುಮಾಡಿ ಎನ್ನುವುದು ಇದೇ ಕಾರಣಕ್ಕೆ. ಮಹಾಡ್‌ಗಿಂತ ಸ್ವಲ್ಪ ಮೊದಲು, ಮುಂಬೈ ಕಡೆಗೆ, ಹೆದ್ದಾರಿಯ ಮೇಲೆಯೇ ಇದೆ. ಮುಂಬೈಯಿಂದ ‘ಪದ್ಮಾವತಿ’ ಎಂಬ ಹಡಗಿನಲ್ಲಿ ಬಂದ ತಂಡ ಇಳಿದದ್ದು ಇಲ್ಲಿ. ಇಲ್ಲಿಂದ ಐದು ಮೈಲಿ ನಡೆದೇ ಊರು ಸೇರಿದರು. ನೀವು ನಡೆಯಬೇಕಿಲ್ಲ, ಹೆದ್ದಾರಿಯ ಲಾರಿಗಳ ನಡುವೆ ಆ ಸಾಹಸ ಬೇಡ. ಐದು ನಿಮಿಷ ಗಾಡಿ ನಿಲ್ಲಿಸಿದರೆ ಸಾಕು.

ದಾರಿಯಲ್ಲೇ ಬಲು ಹತ್ತಿರ ಗಾಂಧಾರಪಾಲೆ ಗುಹೆಗಳು, ಸುಮಾರು ಮೂವತ್ತು ಬೌದ್ಧ ಗುಹೆಗಳ ಗುಂಪು. ಹೆದ್ದಾರಿಯಿಂದಲೇ ಗುಡ್ಡದ ಮೇಲೆ ಕಾಣುತ್ತವೆ, ಮೆಟ್ಟಿಲಿದೆ. ಬೆಳಗ್ಗೆ ಒಂಬತ್ತರೊಳಗೆ ಹತ್ತಿ ಇಳಿದುಬಿಡಿ.

ಊರೊಳಗೆ ಕ್ರಾಂತಿಸ್ತಂಭ. ಡಿಸೆಂಬರ್ 25ರ ಸಂಜೆ ಮನುಸ್ಮೃತಿಯನ್ನು ಸುಟ್ಟದ್ದರ ಗುರುತು ಇದು. ಸಮ್ಮೇಳನಕ್ಕೆ ಜಾಗ ಸಿಗದಂತೆ ಊರವರು ಮಾಡಿದಾಗ ತನ್ನ ಹೊಲವನ್ನು ಕೊಟ್ಟವರು ಫತ್ತೇಖಾನ್ ಎಂಬ ಮುಸ್ಲಿಂ ಗೃಹಸ್ಥರು. ಚಪ್ಪರದೊಳಗೆ ತೂಗುಹಾಕಿದ್ದ ಒಂದೇ ಒಂದು ಚಿತ್ರಪಟ ಗಾಂಧೀಜಿಯದು. ಗ್ರಂಥ ಸುಡುವುದರಲ್ಲಿ ಮುಂದೆ ನಿಂತವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು. ಇವತ್ತಿನ ಜಗಳಗಳಿಗೆ ಒಪ್ಪುವಂತೆ ಚರಿತ್ರೆಯನ್ನು ನೇರ ಮಾಡಿಕೊಳ್ಳುವವರು ಈ ಮೂರು ಹೆಸರುಗಳನ್ನು ಬಿಟ್ಟುಬಿಡುತ್ತಾರೆ. ನೀವು ಮಕ್ಕಳನ್ನು ಕರೆದುಕೊಂಡು ಹೋದರೆ ಇವನ್ನೂ ಹೇಳಿ. ಆ ಸಲ ಮಾತ್ರ ಕೆರೆಯ ನೀರು ಮುಟ್ಟಲಿಲ್ಲ. ಕೆರೆ ಖಾಸಗಿಯದೆಂದು ವಿರೋಧಿಗಳು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿದ್ದರು. ಹತ್ತು ಸಾವಿರದಷ್ಟು ಜನ ಸಿದ್ಧರಿದ್ದರೂ ಮೆರವಣಿಗೆ ಕೆರೆಯನ್ನು ಸುತ್ತು ಹಾಕಿ ಹಿಂದಿರುಗಿತು. ವ್ಯಾಜ್ಯ ಮುಗಿದದ್ದು 1937ರ ಮಾರ್ಚ್‌ನಲ್ಲಿ, ಮುಂಬೈ ಹೈಕೋರ್ಟಿನಲ್ಲಿ, ಅಂಬೇಡ್ಕರ್ ಪರವಾಗಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಇಷ್ಟು ತಿಳಿದುಕೊಂಡು, ಊರಿನಲ್ಲೇ ಇರುವ ರಾಷ್ಟ್ರೀಯ ಸ್ಮಾರಕ ಭವನವನ್ನೂ ನೋಡಿ (ರಜೆಯ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ), ಸಂಜೆಗೆ ಕೆರೆಯ ಮೆಟ್ಟಿಲಿಗೆ ಬನ್ನಿ. ಮಾರ್ಚ್‌ನಲ್ಲಾದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೀಲಿ ಬಾವುಟ, ಪುಸ್ತಕದ ಮಳಿಗೆಗಳು, ಡಫ್ ಹಿಡಿದು ಹಾಡುವ ಶಾಹಿರರು, ಬಿಳಿ ಸೀರೆಯುಟ್ಟ ಅಜ್ಜಿಯರು. ಪುಸ್ತಕವೆಲ್ಲ ಬಹುಪಾಲು ಮರಾಠಿ, ಆದರೂ ಚೀಲದಲ್ಲಿ ಜಾಗ ಬಿಟ್ಟುಕೊಂಡು ಹೋಗಿ. ನನ್ನ ಪಕ್ಕ ಕುಳಿತಿದ್ದ ಒಬ್ಬ ಅಜ್ಜಿ ಎಲ್ಲಿಯವರೆಂದು ಕೇಳಿದರು, ಕರ್ನಾಟಕ ಅಂದೆ. ‘ಜೇವಣ್ ಝಾಲಂ ಕಾ?’ (ಊಟ ಆಯ್ತಾ?) ಎಂದು ಡಬ್ಬಿ ಬಿಚ್ಚಿ ಭಾಕ್ರಿ, ಹಸಿಮೆಣಸಿನ ಠೇಚಾ ಕೈಗಿಟ್ಟರು. ಭಾಷೆ ಬರುವುದಿಲ್ಲವೆಂಬ ಅಂಜಿಕೆ ಬೇಡ. ‘ಜೈ ಭೀಮ್’ ಅಂದರೆ ಜಾಗವೂ ಸಿಗುತ್ತದೆ, ಊಟವೂ ಸಿಗುತ್ತದೆ. ಕೆರೆ ನೀರನ್ನು ಜನ ಕಣ್ಣಿಗೊತ್ತಿಕೊಳ್ಳುತ್ತಾರೆ, ಕುಡಿಯಲು ಮಾತ್ರ ಬಾಟಲಿ ತಂದಿರಿ.

ಇನ್ನೊಂದು ದಿನ ಕೈಯಲ್ಲಿದ್ದರೆ ರಾಯಗಡ ಕೋಟೆಗಿಂತ ಮೊದಲು ಅಂಬಡವೆಯನ್ನು ನೆನಪಿಸಿಕೊಳ್ಳಿ. ರತ್ನಾಗಿರಿ ಜಿಲ್ಲೆ ಮಂಡಣಗಡ ತಾಲ್ಲೂಕಿನ ಈ ಹಳ್ಳಿ ಬಾಬಾಸಾಹೇಬರ ಮನೆತನದ ಮೂಲ ಊರು. ಬಸ್ಸು ಕಡಿಮೆ, ಮಹಾಡ್‌ನಿಂದ ಬಾಡಿಗೆ ಗಾಡಿ ಮಾಡಿಕೊಳ್ಳುವುದೇ ಮೇಲು. ರಾಯಗಡವೂ ಬೇಕೆಂದರೆ ರೋಪ್‌ವೇ ಇದೆ, ಮೊಣಕಾಲು ಗಟ್ಟಿಯಿದ್ದವರಿಗೆ ಸಾವಿರದೇಳುನೂರಕ್ಕೂ ಹೆಚ್ಚು ಮೆಟ್ಟಿಲು.

ವಾಪಸ್ ಬರುವಾಗ ಬೆಳಗಾವಿ, ನಿಪ್ಪಾಣಿ ಮಾರ್ಗದವರು ಕೊಲ್ಹಾಪುರದ ಮೇಲೆ ಬನ್ನಿ. ಆಗ ಹೇಳಿದ ಇನ್ನೊಂದು ಮಾಣಗಾಂವ್ ಇರುವುದು ಅಲ್ಲೇ, ಹಾತಕಣಂಗಲೆ ತಾಲ್ಲೂಕಿನಲ್ಲಿ, ರುಕಡಿ ರೈಲು ನಿಲ್ದಾಣಕ್ಕೆ ಹತ್ತಿರ. ಮಹಾಡ್‌ಗಿಂತ ಏಳು ವರ್ಷ ಮೊದಲು, 1920ರ ಮಾರ್ಚ್ 21 ಮತ್ತು 22ರಂದು ಇಲ್ಲಿ ಅಸ್ಪೃಶ್ಯರ ಸಮ್ಮೇಳನ ನಡೆದಿತ್ತು, ಅಂಬೇಡ್ಕರ್ ಅಧ್ಯಕ್ಷರು. ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂದು ಕೊಲ್ಹಾಪುರದ ದೊರೆ ಶಾಹು ಮಹಾರಾಜರು ಜನರೆದುರು ಹೇಳಿದ್ದು ಅಲ್ಲಿಯೇ. 20ರ ರಾತ್ರಿ ಮಹಾಡ್ ಬಿಟ್ಟರೆ 21ರ ಬೆಳಗ್ಗೆ ಮಾಣಗಾಂವ್ ತಲುಪಬಹುದು, ದಿನಾಂಕಗಳು ತಾನಾಗಿಯೇ ಹೊಂದಿ ಬರುತ್ತವೆ. ಡ್ರೈವರ್‌ಗೆ ನಿದ್ದೆಗೆ ಸಮಯ ಕೊಟ್ಟು ಹೊರಡಿ.