ಬಳ್ಳಾರಿ ಬಿಸಿಲು, ಐದು ಬಾಟಲಿ

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ಊರಿನವರೇ ನಗುತ್ತಾರೆ. ನಾವು ಮೂರು ಜನ ಬೆಂಗಳೂರಿಂದ ಅಲ್ಲಿಗೆ ವಿಸ್ಕಿ ರುಚಿ ನೋಡೋಕೆ ಅಂತ ಮೊದಲ ಸಲ ಹೋಗಿದ್ದು ಏಪ್ರಿಲ್ ಕೊನೆಯಲ್ಲಿ. ಬುದ್ಧಿ ಇರೋರು ಮಾಡುವ ಕೆಲಸವಲ್ಲ. ಎರಡನೇ ಸಲ ಹೋಗಿದ್ದು ಡಿಸೆಂಬರಿನಲ್ಲಿ. ಅಂಥದ್ದೇ ಪ್ರವಾಸ ಹಾಕಿಕೊಂಡಿರುವವರು ನಮ್ಮ ಏಪ್ರಿಲ್ ಕಥೆ ಓದಿ, ಸೀದಾ ಡಿಸೆಂಬರಿಗೇ ಟಿಕೆಟ್ ಮಾಡಿಕೊಳ್ಳಲಿ.

ನಮ್ಮಲ್ಲಿ ಯಾರೂ ಪಂಡಿತರಲ್ಲ. ಒಬ್ಬ ಬ್ಯಾಂಕಿನವನು, ಒಬ್ಬ ಮೇಷ್ಟ್ರು, ನಾನು ಅಂಗಡಿಗಳ ಲೆಕ್ಕ ಬರೆಯುವವನು. ನಾಲ್ಕನೆಯವನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುತ್ತಾನೆ. ಆರ್ಡರ್ ಬಿಟ್ಟು ಅವನು ಬೆಂಗಳೂರಿಗೆ ಬರಲಾರ. ಅವನ ಮನೆಗೆ ದೊಡ್ಡ ಮಾಳಿಗೆ ಇದೆ, ಕೋಟೆ ಗುಡ್ಡ ಎದುರಿಗೇ ಕಾಣುತ್ತದೆ. ಹಾಗಾಗಿ ಬಳ್ಳಾರಿ.

ಮೊದಲು ಬಾಟಲಿ ಸಾಗಿಸುವ ಮಾತು. ಹಂಪಿ ಎಕ್ಸ್‌ಪ್ರೆಸ್ ಅನುಕೂಲವೇ, ರಾತ್ರಿ ಮಲಗಿದರೆ ಬೆಳಿಗ್ಗೆ ಬಳ್ಳಾರಿ. ಆದರೆ ಅದು ಅನಂತಪುರ, ಗುಂತಕಲ್ ಮೇಲೆ ಹೋಗುತ್ತದೆ, ಅಂದರೆ ಅರ್ಧ ದಾರಿ ಆಂಧ್ರ. ಇನ್ನೊಂದು ರಾಜ್ಯದೊಳಗೆ ಬಾಟಲಿ ಹೊತ್ತುಕೊಂಡು ಹೋಗಿ ತಲೆನೋವು ತಂದುಕೊಳ್ಳಬೇಡಿ. ಕಾರಿನಲ್ಲಿ ಚಳ್ಳಕೆರೆ ಮೇಲೆ ಬಂದರೆ 300 ಕಿ.ಮೀ. ಚಿಲ್ಲರೆ ಆಗುತ್ತದೆ, ಆದರೆ ಬಳ್ಳಾರಿ ಹತ್ತಿರ ಆ ದಾರಿಯೂ ಆಂಧ್ರದ ಗಡಿಗೆ ತಾಗಿಕೊಂಡೇ ಬರುತ್ತದೆ. ನಾವು ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ ಅಂತ ಸುತ್ತಿಕೊಂಡು ಹೋದೆವು. ಸುಮಾರು 400 ಕಿ.ಮೀ. ಮೇಷ್ಟ್ರು ದಾರಿಯುದ್ದಕ್ಕೂ ಗೊಣಗಿದ, ಆದರೆ ರಸ್ತೆ ಚೆನ್ನಾಗಿದೆ. ಕರ್ನಾಟಕದಲ್ಲಿ ಒಬ್ಬರ ಹತ್ತಿರ 2.3 ಲೀಟರ್ ಮದ್ಯ ಇರಬಹುದು, ಅಂದರೆ 750 ಎಂಎಲ್‌ನ ಮೂರು ಬಾಟಲಿ. ಸೀಲ್ ಒಡೆಯಬೇಡಿ, ಬಿಲ್ ಜೊತೆಗಿರಲಿ.

ಬಳ್ಳಾರಿಯಲ್ಲೇ ಕೊಳ್ಳಬಾರದಾ ಅಂತ ಕೇಳಬಹುದು. ಸಾಮಾನ್ಯ ಬ್ಲೆಂಡ್‌ಗಳು, ಅಂದರೆ ಬೆರೆಸಿ ಮಾಡಿದ ವಿಸ್ಕಿಗಳು, ಧಾರಾಳವಾಗಿ ಸಿಗುತ್ತವೆ. ಸರ್ಕಾರದ ಎಂಎಸ್‌ಐಎಲ್ ಮಳಿಗೆಯಲ್ಲಿ ಎಂಆರ್‌ಪಿಗೇ ಕೊಡುತ್ತಾರೆ. ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ (ಅದೇ ಮಾಲ್ಟ್) ಇಳಿಸಿದ್ದು ಮಾತ್ರ, ನಾವು ಹೋದ ಅಂಗಡಿಗಳಲ್ಲಿ ಒಂದೆರಡಕ್ಕಿಂತ ಜಾಸ್ತಿ ಇರಲಿಲ್ಲ. ಬೋರ್ಡ್ ಮೇಲೆ ಸಿಎಲ್-2 ಅಂತ ಇದ್ದರೆ ಅದು ಪಾರ್ಸಲ್ ಅಂಗಡಿ, ಅಲ್ಲಿ ಕೂತು ಕುಡಿಯುವ ಹಾಗಿಲ್ಲ. ಕೂರಬೇಕು ಅಂದರೆ ಸಿಎಲ್-9, ಅಂದರೆ ಬಾರ್. ಬಾರಿನ ಗದ್ದಲ, ಒಗ್ಗರಣೆ ಘಾಟಿನಲ್ಲಿ ಮೂಗಿಗೆ ಏನೂ ಹತ್ತುವುದಿಲ್ಲ, ಆ ಯೋಚನೆ ಬಿಡಿ. ಊರಲ್ಲಿ ಗೆಳೆಯರಿಲ್ಲದವರು ಲಾಡ್ಜ್ ಮಾಡುವಾಗಲೇ ರೂಮಿನಲ್ಲಿ ಕೂರಬಹುದಾ ಅಂತ ಬಾಯಿ ಬಿಟ್ಟು ಕೇಳಿಕೊಳ್ಳಿ. ಚುನಾವಣೆ, ಗಾಂಧಿ ಜಯಂತಿ ಇಂಥ ದಿನ ಅಂಗಡಿ ಮುಚ್ಚಿರುತ್ತದೆ, ಅದನ್ನೂ ನೋಡಿಕೊಂಡು ಹೊರಡಿ.

ಈಗ ಏಪ್ರಿಲ್ ಕಥೆ. ಬಾಟಲಿಗಳನ್ನು ಡಿಕ್ಕಿಯಲ್ಲಿ ಅಡ್ಡ ಮಲಗಿಸಿದ್ದೆವು. ವೈನ್ ಮಲಗಿಸಿಡಬೇಕು ಅಂತ ಎಲ್ಲೋ ಓದಿದ್ದು. ವಿಸ್ಕಿ ಹಾಗಲ್ಲ, ಜೋರು ಮದ್ಯ ಕಾರ್ಕನ್ನು ತಿನ್ನುತ್ತದೆ, ಯಾವಾಗಲೂ ನಿಲ್ಲಿಸಿಯೇ ಇಡಬೇಕು. ಬಿಸಿಲಿಗೆ ಡಿಕ್ಕಿ ಒಲೆಯಾಗಿತ್ತು. ಒಂದು ಬಾಟಲಿಯ ಕಾರ್ಕ್ ತೆಗೆಯುವಾಗ ಅರ್ಧಕ್ಕೆ ಮುರಿದು ಪುಡಿ ಒಳಗೆ ಬಿತ್ತು. ಟೀ ಸೋಸುವ ಜಾಲರಿಯಲ್ಲಿ ಸೋಸಿದೆವು. ರಾತ್ರಿ ಎಂಟಕ್ಕೆ ಮಾಳಿಗೆ ಮೇಲೆ ಕೂತರೆ ಕೆಳಗಿನ ಗಚ್ಚು ಕಾಲು ಸುಡುತ್ತಿತ್ತು. ಎದುರಿನ ಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕಕ್ಕುತ್ತದೆ. ಗ್ಲಾಸಿಗೆ ಮೂಗು ಒಡ್ಡಿದರೆ ಸ್ಪಿರಿಟ್ ಆವಿ ಕಪಾಳಕ್ಕೆ ಹೊಡೆದಂತೆ ಬರುತ್ತಿತ್ತು. ತಡೆಯಲಾರದೆ ಐಸ್ ಹಾಕಿದೆವು, ವಾಸನೆಯೇ ಸತ್ತುಹೋಯಿತು. ಅಷ್ಟರಲ್ಲಿ ಗೆಳೆಯ ಬಿಸಿಬಿಸಿ ಮಿರ್ಚಿ ತಂದಿಟ್ಟ. ಬಳ್ಳಾರಿ ಮಿರ್ಚಿ ತಿಂದ ನಾಲಿಗೆಗೆ ಹನ್ನೆರಡು ವರ್ಷದ ಸ್ಕಾಚೂ ಒಂದೇ, ಕೊಳಾಯಿ ನೀರೂ ಒಂದೇ. ನಾಲ್ಕೂ ಜನ ಎಲ್ಲದಕ್ಕೂ 82ರಿಂದ 86ರೊಳಗೆ ಅಂಕ ಕೊಟ್ಟು ಮಲಗಿದೆವು.

ಡಿಸೆಂಬರಿನಲ್ಲಿ ಎಲ್ಲ ತಿರುವುಮುರುವು ಮಾಡಿದೆವು. ಸಂಜೆ ಆರಕ್ಕೇ ಕೂತೆವು, ಮೈಮೇಲೆ ಒಂದು ಶಾಲು ಬೇಕಾಗುವಷ್ಟು ತಂಪಿತ್ತು. ಮಧ್ಯಾಹ್ನ ರೊಟ್ಟಿ, ಪಲ್ಯ ಮಾತ್ರ. ರುಚಿ ನೋಡುವಾಗ ನಡುನಡುವೆ ಸಪ್ಪೆ ಮಂಡಕ್ಕಿ. ಒಗ್ಗರಣೆ-ಮಿರ್ಚಿ ಎಲ್ಲ ಮುಗಿದ ಮೇಲೆ. ಬೆರೆಸೋಕೆ ಬೋರ್ ನೀರು ಬೇಡ, ಅದರ ಸವಳು ಎಲ್ಲದರ ಮೇಲೆ ಕೂರುತ್ತದೆ. ಕ್ಯಾನ್ ನೀರೇ ಇರಲಿ, ಮಕ್ಕಳಿಗೆ ಔಷಧಿ ಹಾಕುವ ಡ್ರಾಪರಿನಲ್ಲಿ ನಾಲ್ಕೈದು ಹನಿ ಸಾಕು. ನೀರು ಹಾಕೋದು ನಾಚಿಕೆಯ ಕೆಲಸ ಅಂತ ಬ್ಯಾಂಕಿನವನು ವಾದ ಮಾಡುತ್ತಿದ್ದ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಹೊಗೆ ವಾಸನೆ ಕೊಡುವ ಗ್ವಾಯಕಾಲ್ ಎಂಬ ವಸ್ತು ಜೋರು ಮದ್ಯದಲ್ಲಿ ಒಳಗೇ ಅಡಗಿರುತ್ತದಂತೆ, ನೀರು ಬಿದ್ದಾಗ ಮೇಲಕ್ಕೆ ಬರುತ್ತದಂತೆ. ಇದನ್ನು ಹೇಳಿದ ಮೇಲೆ ಅವನೂ ಡ್ರಾಪರ್ ಕೇಳಿದ.

ಗ್ಲಾಸು ಟ್ಯುಲಿಪ್ ಆಕಾರದ್ದು ಒಳ್ಳೆಯದು, ಬಾಯಿ ಕಿರಿದಾಗಿರುವುದರಿಂದ ವಾಸನೆ ಕೂಡುತ್ತದೆ. ಸ್ಟೀಲ್ ಲೋಟ ಬೇಡವೇ ಬೇಡ. ಒಬ್ಬರಿಗೆ ಒಂದರದ್ದು 15 ಎಂಎಲ್. ಐದು ಸೇರಿ 75. ಅಷ್ಟನ್ನೂ ನುಂಗಬೇಕಿಲ್ಲ, ಬಾಯಲ್ಲಿ ಆಡಿಸಿ ಉಗುಳಬಹುದು. ಎಲ್ಲಿ ಉಗುಳೋದು ಅಂದಾಗ ಗೆಳೆಯ ಅಟ್ಟದಿಂದ ಅವರಜ್ಜನ ಹಿತ್ತಾಳೆ ಪೀಕದಾನಿ ಇಳಿಸಿದ. ಅಜ್ಜನ ಕಾಲದಲ್ಲಿ ಬಳ್ಳಾರಿ ಮದ್ರಾಸಿಗೆ ಸೇರಿತ್ತು, 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಬಂತು. ಮದ್ರಾಸ್ ಪ್ರಾಂತ್ಯದಲ್ಲಿ 1948ರ ಹೊತ್ತಿಗೆ ಪೂರಾ ಪಾನನಿಷೇಧ. ಎಲೆ ಅಡಿಕೆ ಉಗಿಯುತ್ತಿದ್ದ ಅಜ್ಜನ ಪಾತ್ರೆಗೆ ಮೊಮ್ಮಗ ಸ್ಕಾಚ್ ಉಗಿದ.

ಬಾಟಲಿಗಳಿಗೆ ಜೀನ್ಸ್ ಕಾಲು ಕತ್ತರಿಸಿ ತೊಡಿಸಿ, ಸೀಮೆಸುಣ್ಣದಲ್ಲಿ ಒಂದರಿಂದ ಐದರವರೆಗೆ ಬರೆದಿದ್ದೆವು. ಸುರಿದಿದ್ದು ಗೆಳೆಯನ ಅಮ್ಮ, ಅವರೊಬ್ಬರಿಗೇ ಯಾವುದು ಯಾವುದು ಅಂತ ಗೊತ್ತು. ನೂರರ ಅಂಕ ಬಿಟ್ಟು ಹತ್ತಕ್ಕೆ ಇಳಿದೆವು. ವಾಸನೆ, ಬಾಯಿಗಿಟ್ಟಾಗಿನ ರುಚಿ, ನುಂಗಿದ ಮೇಲೆ ಉಳಿಯುವುದು, ಮೂರನ್ನೂ ನೋಡಿ ಒಂದೇ ಅಂಕ. ಮೊದಲೇ ಒಬ್ಬರದ್ದು ಒಬ್ಬರು ನೋಡುವ ಹಾಗಿಲ್ಲ. ಮೇಷ್ಟ್ರಿಗೆ ಇದು ಅಭ್ಯಾಸದ ಕೆಲಸ, ಕೈ ಅಡ್ಡ ಇಟ್ಟುಕೊಂಡು ಬರೆದ.

ಟಿಪ್ಪಣಿ ಬರೆಯೋದರಲ್ಲಿ ಒಂದು ತಾಪತ್ರಯ ಇತ್ತು. ಲೇಬಲ್ ಮೇಲೆ ಪೇರ್, ಹೀದರ್ ಹೂವು ಅಂತೆಲ್ಲ ಇರುತ್ತದೆ. ಹೀದರ್ ಹೂವನ್ನು ನಾನು ಕಂಡಿಲ್ಲ, ನಮ್ಮಪ್ಪನೂ ಕಂಡಿಲ್ಲ. ಸುಮ್ನೆ ಕಾಪಿ ಹೊಡೆಯೋದು ಬೇಡ, ನಮಗೆ ಗೊತ್ತಿರೋದನ್ನೇ ಬರೆಯೋಣ ಅಂದುಕೊಂಡೆವು. ಆಮೇಲೆ ಕೈ ಸಲೀಸಾಗಿ ಓಡಿತು. ಒಂದನೆಯದು ಹಸಿ ಕಬ್ಬಿನ ಹಾಲು, ಕೊನೆಗೆ ಹುರಿಗಡಲೆ. ಎರಡನೆಯದಕ್ಕೆ ಬರಿಯ ಸಿಹಿ, ನುಂಗಿದ ಕೂಡಲೇ ಮಾಯ. ಮೂರನೆಯದು ಮಾಗಿದ ಸೀಬೆಹಣ್ಣು, ಸ್ವಲ್ಪ ಜೇನು. ನಾಲ್ಕನೆಯದು ಬೆಲ್ಲದ ಪಾಕ, ಸುಟ್ಟ ತೆನೆ, ಒಣ ಕೊಬ್ಬರಿ, ಹಿಂದೆ ಎಲ್ಲೋ ತೆಳ್ಳಗೆ ಹೊಗೆ. ಇದು ಬಾಯಲ್ಲಿ ಎಷ್ಟು ಹೊತ್ತು ಉಳಿಯಿತು ಅಂದರೆ ನಾನು ಗಡಿಯಾರ ನೋಡಿದೆ. ಐದನೆಯದರ ಹೊಗೆಗೆ ನಮಗೆ ಯಾರಿಗೂ ಹೆಸರು ಹೊಳೆಯಲಿಲ್ಲ. ಅಮ್ಮ ಗ್ಲಾಸು ಮೂಸಿ, "ಬಾಣಂತಿ ಕೋಣ್ಯಾಗಿನ ಹೊಗಿ ಇದ್ದಂಗ ಐತಲ್ಲೋ ಇದು" ಅಂದರು. ನಾಲ್ಕೂ ಜನ ಹಾಗೇ ಬರೆದುಕೊಂಡೆವು.

ಮುಸುಕು ತೆಗೆದಾಗ ಒಂದನೆಯದು ಜೇಮ್ಸನ್, ಮೂರು ಸಲ ಬಟ್ಟಿ ಇಳಿಸುವ ಐರ್ಲೆಂಡಿನದು. ಸರಾಸರಿ 6. ಮೂರನೆಯದು ಗ್ಲೆನ್‌ಲಿವೆಟ್ 12, ಅದಕ್ಕೆ ಏಳು. ಐದನೆಯದು ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಟ್ಯಾಲಿಸ್ಕರ್ 10, ಆಲ್ಕೋಹಾಲ್ ಶೇ 45.8ರ ಜೋರು. ನಾನು 9 ಕೊಟ್ಟಿದ್ದೆ, ಮೇಷ್ಟ್ರು 4 ಕೊಟ್ಟಿದ್ದ. ಬಾರ್ಲಿ ಒಣಗಿಸೋಕೆ ಪೀಟ್ ಎಂಬ ಜೌಗು ಮಣ್ಣು ಸುಡುತ್ತಾರೆ, ಅದರ ಹೊಗೆ ಹಾಗೇ, ಒಗ್ಗಿದರೆ ಒಗ್ಗಿತು, ಇಲ್ಲದಿದ್ದರೆ ಇಲ್ಲ. ಎರಡನೆಯದು ನಮ್ಮ ಕಡೆ ಎಲ್ಲ ಕಡೆ ಸಿಗುವ ಅಗ್ಗದ ಬ್ಲೆಂಡ್, ಹೆಸರು ಬೇಡ. ಇಂಥವುಗಳಲ್ಲಿ ಹೆಚ್ಚಿನದು ಕಾಕಂಬಿಯಿಂದ ಇಳಿಸಿದ ಸ್ಪಿರಿಟ್, ಅದಕ್ಕೆ ಒಂದಿಷ್ಟು ಮಾಲ್ಟ್. ಯುರೋಪಿನಲ್ಲಿ ಇದನ್ನು ವಿಸ್ಕಿ ಅಂತ ಮಾರೋ ಹಾಗಿಲ್ಲ. ಅದಕ್ಕೆ 7 ಕೊಟ್ಟವನು ಬ್ಯಾಂಕಿನವನು. ಸ್ಕಾಚ್ ಬಿಟ್ಟು ಬೇರೆ ಮುಟ್ಟಲ್ಲ ಅನ್ನುತ್ತಿದ್ದವನು ಅವನೇ!

ಎಲ್ಲಕ್ಕಿಂತ ಮೇಲೆ ನಿಂತದ್ದು ನಾಲ್ಕನೆಯದು, ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್, ಎಂಟೂವರೆ. ಶೇ 50ರದ್ದು, ಹಾಗಾಗಿ ನೀರಿನ ಹನಿ ಬೇಕೇ ಬೇಕು. ನಮ್ಮ ದೇಶದ ಬಾರ್ಲಿಯ ಜೊತೆಗೆ ಸ್ಕಾಟ್ಲೆಂಡಿನ ಹೊಗೆ ಹಾಕಿದ ಬಾರ್ಲಿ ಸೇರಿಸಿ ಮಾಡುತ್ತಾರೆ. ಅಮೃತ್‌ನವರು ತಮ್ಮ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರಿದ್ದೇ ಗ್ಲಾಸ್ಗೋದಲ್ಲಿ. ಇಲ್ಲಿನ ಸೆಕೆಗೆ ವಿಸ್ಕಿ ಮಾಗಲು ಇಡುವ ಮರದ ಪೀಪಾಯಿಯಿಂದ ವರ್ಷಕ್ಕೆ ಶೇ 10-12ರಷ್ಟು ಆವಿಯಾಗುತ್ತದೆ, ಸ್ಕಾಟ್ಲೆಂಡಿನಲ್ಲಿ ಬರೀ ಎರಡು. ಹೀಗೆ ಹೋಗುವುದಕ್ಕೆ ವಿಸ್ಕಿ ಮಾಡುವವರು ದೇವತೆಗಳ ಪಾಲು ಅನ್ನುತ್ತಾರೆ. ಆದರೆ ಅದೇ ಸೆಕೆ ಮರದ ರುಚಿಯನ್ನೂ ಬೇಗ ಎಳೆಯುತ್ತದೆ, ಹನ್ನೆರಡು ವರ್ಷ ಕಾಯಬೇಕಿಲ್ಲ. ಬೆಂಗಳೂರಿಗೇ ಹೀಗಾದರೆ ಬಳ್ಳಾರಿಯಲ್ಲಿ ಪೀಪಾಯಿ ಇಟ್ಟರೆ ಏನುಳಿಯುತ್ತದೆ ಅಂತ ಗೆಳೆಯ ಕೇಳಿದ. ಮರ ಉಳಿಯುತ್ತದೆ ಅಂದ ಮೇಷ್ಟ್ರು.

ಮರುದಿನ ಬೆಳಿಗ್ಗೆಯೇ ಸ್ಟೀರಿಂಗ್ ಹಿಡಿಯಬೇಡಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಅದರ ಬದಲು ಬೇಗ ಎದ್ದು ಆಟೋದಲ್ಲಿ ಕೋಟೆಗೆ ಹೋಗಿ, ಬಿಸಿಲೇರುವ ಮೊದಲು ಹತ್ತಿ ಇಳಿಯಿರಿ. ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿ ಕಟ್ಟಿಸಿದ್ದು. ಹೊತ್ತಿದ್ದರೆ ಊರಿಗೆ ಹತ್ತಿರವೇ ಇರುವ ಸಂಗನಕಲ್ಲು, ಕುಪ್ಪಗಲ್ ಗುಡ್ಡಗಳು. ಹೊಸ ಶಿಲಾಯುಗದವರು ಅಲ್ಲಿ ಕಲ್ಲುಕೊಡಲಿ ಮಾಡುತ್ತಿದ್ದರು, ಕೆಲವು ಬಂಡೆ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಮಧ್ಯಾಹ್ನದ ಮೇಲೆ ಹೊರಟರಾಯಿತು.

ಉಳಿದ ವಿಸ್ಕಿಯ ವಿಷಯ. ಅರ್ಧ ಖಾಲಿಯಾದ ಬಾಟಲಿಯೊಳಗೆ ಗಾಳಿ ಜಾಸ್ತಿ, ತಿಂಗಳುಗಟ್ಟಲೆ ಇಟ್ಟರೆ ರುಚಿ ಸಪ್ಪಗಾಗುತ್ತದೆ. ಸಣ್ಣ ಗಾಜಿನ ಸೀಸೆಗೆ ಕತ್ತಿನವರೆಗೆ ತುಂಬಿ ಕತ್ತಲಲ್ಲಿ ಇಡಬೇಕು. ಫ್ಯೂಷನ್ ಮುಕ್ಕಾಲು ಬಾಟಲಿ ಉಳಿದಿತ್ತು, ಮುಂದಿನ ಡಿಸೆಂಬರಿಗೆ ಇರಲಿ ಅಂತ ಗೆಳೆಯನ ಬೀರುವಿನಲ್ಲಿ ಬಿಟ್ಟು ಬಂದೆವು. ಮಾರ್ಚಿನಲ್ಲಿ ಫೋನ್ ಮಾಡಿದಾಗ ಬಾಟಲಿ ಕಾಲು ಭಾಗಕ್ಕೆ ಇಳಿದಿದೆ ಅಂದ. ಬಿಸಿಲಲ್ವಾ, ದೇವತೆಗಳ ಪಾಲು ಅಂತ ಅವನ ವಿವರಣೆ. ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ಆ ದೇವತಿ ಯಾರು ಅಂತ ನನಗ ಗೊತ್ತೈತಿ, ಫೋನ್ ಇಲ್ಲಿ ಕೊಡು."