ಕೊಡಗಿನಲ್ಲಿ ಮನೆ ಕೊಳ್ಳುವ ಮುಂಚೆ ಒಮ್ಮೆ ಜುಲೈಯಲ್ಲಿ ಹೋಗಿ ಬನ್ನಿ

ಡಿಸೆಂಬರಿನಲ್ಲಿ ಮನೆ ನೋಡಿದೆವು, ಅವತ್ತೇ 2 ಲಕ್ಷ ಮುಂಗಡ ಕೊಟ್ಟು ಬಂದೆವು. ಬೆಂಗಳೂರಿನ ಬೇಸಿಗೆಗೆ ಸಾಕಾಗಿ ಕೊಡಗಿನಲ್ಲೊಂದು ತಂಪು ಮನೆ ಮಾಡಿಕೊಳ್ಳೋಣ ಅಂದುಕೊಂಡಿರುವವರು ಹೀಗೆ ಮಾಡಬೇಡಿ.

ಆಗ ಕಂಡದ್ದು ಎಳೆಬಿಸಿಲು, ಕೆಳಗೆ ಕಾಫಿ ತೋಟ, ನೆಲದಿಂದ ಸೂರಿನವರೆಗೆ ಗಾಜು ಹಾಕಿದ ಹಾಲು. ಮಡಿಕೇರಿಯಿಂದ 14 ಕಿಲೋಮೀಟರ್. ನೋಂದಣಿಗೆ ಮುಂಚೆ ಮಳೆಯಲ್ಲೊಮ್ಮೆ ನೋಡಲೇಬೇಕು ಅಂತ ಹಟ ಹಿಡಿದವಳು ನಾನು. ಜುಲೈ ಕೊನೆಯ ವಾರ ಹೊರಟೆವು, ಬೇಕೆಂದೇ ಕಾರು ಬಿಟ್ಟು ಬಸ್ಸಿನಲ್ಲಿ. ಕೊಡಗಿಗೆ ರೈಲಿಲ್ಲ. ಯಜಮಾನರಿಗೆ ಈಗಲೇ 63. ಸ್ಟಿಯರಿಂಗ್ ಹಿಡಿಯಲಾಗದ ಕಾಲಕ್ಕೆ ಆ ಮನೆ ಮುಟ್ಟುವುದು ಹೇಗೆ ಎಂದು ತಿಳಿಯಬೇಕಿತ್ತು.

ಮಡಿಕೇರಿವರೆಗೆ ಸಲೀಸು. ಅಲ್ಲಿಂದ ಹತ್ತಿದ ಖಾಸಗಿ ಬಸ್ಸು ಮಾತ್ರ ಮರೆಯುವಂಥದ್ದಲ್ಲ. ಕಿಟಕಿಗಳಿಗೆಲ್ಲ ಟಾರ್ಪಾಲು ಇಳಿಬಿಟ್ಟು ಒಳಗೆ ಮಟಮಟ ಮಧ್ಯಾಹ್ನವೇ ಕತ್ತಲು, ಕಾಲಡಿಯಲ್ಲಿ ಕೊಡೆಗಳಿಂದ ಸೋರಿದ ನೀರು, ನಿಂತವರ ಒದ್ದೆ ಚೀಲ ನನ್ನ ಭುಜದ ಮೇಲೆ. 11 ಕಿಲೋಮೀಟರಿಗೆ ಒಂದೂಕಾಲು ಗಂಟೆ ಹಿಡಿಯಿತು. ಅಲ್ಲಿ ರಸ್ತೆಗೆ ಮರ ಬಿದ್ದಿದೆ ಅಂತ ಇಳಿಸಿಬಿಟ್ಟರು. ಊರಿನವರು ಏನೂ ಮಾತಾಡದೆ ಇಳಿದು ನಡೆದರು, ಅವರಿಗದು ಪ್ರತಿವರ್ಷದ ಮಾತು. ನಾವೂ ಉಳಿದ 3 ಕಿಲೋಮೀಟರ್ ನಡೆದೆವು. ಮನೆ ಮುಟ್ಟಿದಾಗ ಯಜಮಾನರ ಕಾಲುಚೀಲದ ತುಂಬ ರಕ್ತ. ಇಂಬಳ, ಅಂದರೆ ಜಿಗಣೆ, ಹತ್ತಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಮಾರುವ ಕಂಪನಿಯವರು ತಮ್ಮ ಮಾದರಿ ಮನೆಯಲ್ಲಿ ಒಂದು ರಾತ್ರಿ ತಂಗಲು ನಮ್ಮಿಂದ 8,500 ರೂಪಾಯಿ ತೆಗೆದುಕೊಂಡರು. ಕೊಳ್ಳುವವರಿಗೆ ರಿಯಾಯಿತಿಯಂತೆ. ಸಂಜೆ ಹೋದ ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಹೊದಿಕೆ ಹಿಂಡಿದರೆ ನೀರು ಬರುವ ಹಾಗಿತ್ತು. ತೇಗದ ಕಪಾಟು ತೆರೆದರೆ ಬೂಷ್ಟಿನ ವಾಸನೆ, ಒಳಗಿನ ಹಲಗೆಗೆ ಕೈ ಆಡಿಸಿದರೆ ಬೆರಳೆಲ್ಲ ಬೂದು ಪುಡಿ. ತೇವ ಹೀರುವ ಯಂತ್ರ ಇಟ್ಟರಾಯಿತು ಎಂದರು. ಕರೆಂಟಿಲ್ಲದ ದಿನ ಆ ಯಂತ್ರ ಏನು ಮಾಡುತ್ತದೆ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ.

ಇದನ್ನೆಲ್ಲ ಸಹಿಸಬಹುದಿತ್ತೇನೋ. ಬೆಳಗ್ಗೆ ಅಡುಗೆಮನೆಯ ಹಿಂಬಾಗಿಲು ತೆರೆದು ನೋಡಿದ್ದನ್ನು ಸಹಿಸಲಾಗಲಿಲ್ಲ. ಮನೆಗೆ ಸಮ ಜಾಗ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದು ಎರಡಾಳೆತ್ತರದ ತಡೆಗೋಡೆ ಕಟ್ಟಿದ್ದರು. ಒಳಗಿನ ನೀರು ಹೊರಬರಲೆಂದು ಗೋಡೆಯಲ್ಲಿ ಪೈಪು ಬಿಟ್ಟಿರುತ್ತಾರಲ್ಲ, ಎಣಿಸಿದೆ, 7 ಇದ್ದವು. ರಾತ್ರಿಯಿಡೀ ಸುರಿದ ಮೇಲೂ 5 ಪೈಪು ಒಣಗಿದ್ದವು. ಉಳಿದೆರಡರಿಂದ ಇಟ್ಟಿಗೆ ಬಣ್ಣದ ನೀರು. ಡಿಸೆಂಬರಿನಲ್ಲಿ ಹೂಕುಂಡಗಳನ್ನು ಜೋಡಿಸಿಟ್ಟಿದ್ದ ಜಾಗದಲ್ಲಿ ಬೆರಳ ತುದಿ ಹೋಗುವಷ್ಟು ಬಿರುಕು, ಮೇಲೆ ಸಿಮೆಂಟು ಮೆತ್ತಿ ಬಣ್ಣ ಬಳಿದದ್ದು. ಗೋಡೆಯ ಮೇಲಿನ ಸಿಲ್ವರ್ ಓಕ್ ಮರಗಳು ಮನೆಯ ಕಡೆಗೇ ವಾಲಿದ್ದವು. ಪೈಪು ಒಣಗಿದೆ ಅಂದರೆ ನೀರು ಗೋಡೆಯ ಹಿಂದೆಯೇ ನಿಂತು ಒತ್ತುತ್ತಿದೆ ಅಂತ ಅನುಮಾನಿಸಬೇಕು. ನೀರು ಕೆಂಪಾಗಿದೆ ಅಂದರೆ ಅದರ ಜೊತೆ ಮಣ್ಣೂ ಬರುತ್ತಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. ವಿಪರೀತ ಮಳೆಯ ಜೊತೆಗೆ, ರಸ್ತೆಗೂ ಮನೆಗೂ ಇಳಿಜಾರನ್ನು ಹೀಗೆ ಕಡಿದದ್ದನ್ನೂ ಭೂವಿಜ್ಞಾನಿಗಳು ಕಾರಣವೆಂದರು.

ಅಲ್ಲಿಂದ ಅರ್ಧ ಕಿಲೋಮೀಟರ್ ಕೆಳಗೆ, ಬಸ್ಸು ತಿರುಗುವ ಕಡೆ ಒಂದು ಪುಟ್ಟ ಹೋಟೆಲು. ಬೋರ್ಡಿಲ್ಲ, ಮೂರು ಬೆಂಚು, ನೀಲಿ ಟಾರ್ಪಾಲು. ಅಲ್ಲಿಗೆ ದಯವಿಟ್ಟು ಹೋಗಿ. ಅನ್ನ, ಅಕ್ಕಿಹಿಟ್ಟು ಸೇರಿಸಿ ನಾದಿದ ಕೊಡಗಿನ ಅಕ್ಕಿರೊಟ್ಟಿ. ಕೆಂಡದ ಮೇಲೆ ಹಾಕಿದಾಗ ಚೆಂಡಿನ ಹಾಗೆ ಉಬ್ಬಿ, ತಟ್ಟೆಗೆ ಬಂದ ಮೇಲೆ ಮೆತ್ತಗೆ ಕೂರುತ್ತದೆ. ಜೊತೆಗೆ ಎಳ್ಳಿನ ಪಜ್ಜಿ, ಅಂದರೆ ಚಟ್ನಿ, ಮೂರು ದಿನ ನೀರು ಬದಲಿಸಿ ನೆನೆಸಿದ ಕಣಿಲೆಯ (ಎಳೆ ಬಿದಿರಿನ) ಪಲ್ಯ. ಆ ಹುಳಿವಾಸನೆ ಮೊದಲ ತುತ್ತಿಗೆ ಹಿಡಿಸದೆ ಇರಬಹುದು, ಎರಡನೇ ತುತ್ತಿಗೆ ಬಿಡಲಾಗುವುದಿಲ್ಲ. ಕೊನೆಗೆ ಬೆಲ್ಲದ ಕಾಫಿ. ಇಬ್ಬರೂ ಹೊಟ್ಟೆತುಂಬ ತಿಂದದ್ದಕ್ಕೆ 140 ರೂಪಾಯಿ. ಒದ್ದೆ ಶಾಲನ್ನು ಕೇಳದೆಯೇ ತೆಗೆದುಕೊಂಡು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರು ಅಲ್ಲಿನ ಅಮ್ಮ.

ಗೋಡೆಯ ವಿಷಯ ಹೇಳಿದಾಗ ರೊಟ್ಟಿ ಒತ್ತುತ್ತಲೇ ಅವರೆಂದರು, "ಬರೆಯಿಂದ ಬರೋ ನೀರು ಕೆಂಪಾದ್ರೆ ನಾವು ಆ ರಾತ್ರಿ ಮನೆಯಲ್ಲಿ ಮಲಗೋದಿಲ್ಲ ಅಕ್ಕಾ. ತಮ್ಮನ ಮನೆಗೆ ಹೋಗ್ತೇವೆ. 2018ರಿಂದ ಹಾಗೇ." ಕಡಿದ ಗುಡ್ಡದ ಬದಿಗೆ ಅಲ್ಲಿ ಬರೆ ಅನ್ನುತ್ತಾರೆ. ಎರಡು ವರ್ಷದಿಂದ ಕೊಡಗಿನ ಮನೆಗಳ ಬಗ್ಗೆ ಓದುತ್ತಿದ್ದೇನೆ, ಇಷ್ಟು ಉಪಯೋಗದ ಮಾತು ಎಲ್ಲೂ ಸಿಕ್ಕಿರಲಿಲ್ಲ.

ತಂಪಿನ ಬಗ್ಗೆಯೂ ಒಂದು ಲೆಕ್ಕ ಹೇಳಬೇಕು. ಒಂದು ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಬೆಂಗಳೂರೇ ಸುಮಾರು 920 ಮೀಟರ್ ಎತ್ತರದಲ್ಲಿದೆ, ಮಡಿಕೇರಿ 1,150ರ ಆಸುಪಾಸು. ಎತ್ತರದಿಂದ ಸಿಗುವುದು ಒಂದೂವರೆ ಡಿಗ್ರಿ, ಅಷ್ಟೇ. ಮಿಕ್ಕ ತಂಪೆಲ್ಲ ಮರ, ಮಂಜು, ಮಳೆಯದ್ದು. ಮರ ಕಡಿದು ಪಶ್ಚಿಮಕ್ಕೆ ಗಾಜು ಹಾಕಿದ ಮನೆ ಏಪ್ರಿಲಿನಲ್ಲಿ ತಂಪಾಗಿರುತ್ತದೆಂದು ನಂಬಬೇಡಿ. ಕುಶಾಲನಗರವಂತೂ ಬೆಂಗಳೂರಿಗಿಂತ ತಗ್ಗು, ಅಲ್ಲಿಯ ಲೇಔಟನ್ನೂ ಕೂರ್ಗ್ ಗಿರಿಧಾಮ ಎಂದೇ ಮಾರುತ್ತಾರೆ.

ಕಾಗದಪತ್ರಕ್ಕೆ ಮಡಿಕೇರಿಯ ವಕೀಲರನ್ನೇ ಹಿಡಿಯಿರಿ. ಪಹಣಿಯಲ್ಲಿ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಎಂದಿದ್ದರೆ ಒಕ್ಕದ, ಅಂದರೆ ಒಂದೇ ಮನೆತನದ, ಹಲವರ ಹಕ್ಕು ಅದರಲ್ಲಿರುತ್ತದೆ, ಮಾರುವ ಒಬ್ಬರ ಸಹಿ ಸಾಲದು. ಅನ್‌ರಿಡೀಮ್ಡ್, ಅಂದರೆ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ, ಜಾಗವಾದರೆ ಮರಗಳ ಮೇಲೆ ಸರ್ಕಾರದ ಹಕ್ಕಿರುತ್ತದೆ. ಕಾಫಿ ತೋಟದ ಭೂಪರಿವರ್ತನೆ ಆಗಿದೆಯೇ ಎಂಬುದಕ್ಕೆ ಆದೇಶದ ಪ್ರತಿಯನ್ನೇ ಕೇಳಿ. "ಅರ್ಜಿ ಹಾಕಿದ್ದೇವೆ" ಎಂದರೆ ಆಗಿಲ್ಲ ಅಂತಲೇ ಅರ್ಥ.

ಮುಂಗಡದಲ್ಲಿ 1 ಲಕ್ಷ ವಾಪಸ್ ಬಂದಿದೆ. ಇನ್ನೊಂದಕ್ಕೆ ನೋಟಿಸ್ ಕೊಡಿಸಿದ್ದೇವೆ. ಮುಂದಿನ ಜುಲೈಗೆ ಇನ್ನೆರಡು ಮನೆ ನೋಡುವುದಿದೆ, ಎರಡೂ ಹಳೆಯ ಹೆಂಚಿನ ಮನೆಗಳು, ಹಿಂದೆ ಕಡಿದ ಬರೆ ಇಲ್ಲ. ಆ ಬಸ್ಸು ತಿರುಗುವ ಜಾಗದಿಂದ ಒಂದಕ್ಕೆ ನಡೆದೇ ಹೋಗಬಹುದು.